ಚಿಕ್ಕಪ್ಪನ ರಿವಾಲ್ವರ್ ಗುರಿ ತಪ್ಪುತ್ತಿದ್ದುದು

ಗುರಿ ಹೊಡೆಯುವವರ ಪಕ್ಕದಲ್ಲಿ ನಿಂತು ಸಲಹೆ ಕೊಡುವ ಸುಖ ಹೊಡೆಯುವುದರಲ್ಲಿ ಇರಲಾರದು. ನಾನು ಜನ್ಮದಲ್ಲಿ ಒಂದು ಗುಂಡನ್ನೂ ಹಾರಿಸಿದವನಲ್ಲ. ಆದರೂ ಎಪ್ಪತ್ತರ ದಶಕದಲ್ಲಿ, ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದಾಗ, ಭೀಮಸಮುದ್ರದ ನಮ್ಮ ಚಿಕ್ಕಪ್ಪನ ರಿವಾಲ್ವರಿಗೆ ನಾನೇ ವೈದ್ಯ. ರೋಗಿ ಗುಣವಾಯಿತು. ನೆನೆದರೆ ಈಗ ಬೇಸರವಾಗುವುದೂ ಅದಕ್ಕೇ.

ಚಿಕ್ಕಪ್ಪ ಅಡಿಕೆ ವ್ಯಾಪಾರಿ. ಮಂಡಿಯಿಂದ ಹಣ ತರುವ ದಾರಿಯಲ್ಲಿ ಕಳ್ಳರ ಭಯವೆಂದು ಲೈಸೆನ್ಸು ಮಾಡಿಸಿ ರಿವಾಲ್ವರ್ ಇಟ್ಟುಕೊಂಡಿದ್ದರು. ಕಳ್ಳರು ಒಂದು ದಿನವೂ ಬರಲಿಲ್ಲ. ಸೊಂಟದಲ್ಲಿ ಸುಮ್ಮನೆ ಕೂತ ವಸ್ತುವಿಗೆ ಏನಾದರೂ ಕೆಲಸ ಬೇಕಲ್ಲ, ಚಿತ್ರದುರ್ಗದಲ್ಲಿ ಲೈಸೆನ್ಸುದಾರರಿಗಾಗಿ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಗುರಿ ಪಂದ್ಯಕ್ಕೆ ಸೇರಿಕೊಂಡರು. ಮೊದಲ ಗುಂಡು ನಟ್ಟನಡುವೆ ಬೀಳುತ್ತಿತ್ತು. ಜನ ಬೆರಗಾಗುವಷ್ಟರಲ್ಲಿ ಎರಡನೆಯದು ಹಲಗೆಯ ಅಂಚಿಗೆ, ಮೂರನೆಯದು ಎಲ್ಲಿಗೋ ಶಿವನೇ ಬಲ್ಲ. ವರ್ಷವರ್ಷವೂ ಇದೇ ಕಥೆ. "ಸಾವ್ಕಾರ್ರೆ, ಕಳ್ಳ ಬಂದ್ರೆ ನಿಂತಲ್ಲೇ ನಿಂತ್ಕ ಅಂತ ಹೇಳ್ರಿ. ಓಡಾಡಿದ್ರೆ ಎಲ್ಲಾದ್ರೂ ತಾಗಿಬಿಟ್ಟಾತು" ಎಂದು ಮಂಡಿಯವರು ಕಿಚಾಯಿಸುತ್ತಿದ್ದರು. ಅಲ್ಲಿ ನಗುತ್ತಿದ್ದ ಚಿಕ್ಕಪ್ಪ ಮನೆಗೆ ಬಂದು ಊಟ ಬಿಡುತ್ತಿದ್ದರು. ಪಂದ್ಯದ ಬಹುಮಾನ ಅವರಿಗೆ ಮಾನದ ಪ್ರಶ್ನೆಯಾಗಿಹೋಗಿತ್ತು.

ಪುರಾಣದಲ್ಲಿ ಬಾಣ ಗುರಿ ತಪ್ಪಿದರೆ ಅದರ ಹಿಂದೆ ಯಾರದೋ ಶಾಪವೋ ವರವೋ ಇದ್ದೇ ಇರುತ್ತದೆ. ಬಿಲ್ಲುಗಾರನ ಕೈ ನಡುಗಿತೆಂದು ಯಾವ ಪುರಾಣಿಕರೂ ಹೇಳಿದ್ದನ್ನು ನಾನು ಕೇಳಿಲ್ಲ. ನಾನೋ ವಿಜ್ಞಾನದವನು, ಕೈಯಿಂದಲೇ ಶುರುಮಾಡಿದೆ. ಭಾನುವಾರ ಬೆಳಿಗ್ಗೆ ಮದಕರಿಪುರದ ಆಚೆ ಪಾಳು ಬಿದ್ದ ಕಲ್ಲುಕ್ವಾರಿಯೊಂದರಲ್ಲಿ ನಮ್ಮ ಚಿಕಿತ್ಸೆ. ಚಿಕ್ಕಪ್ಪನ ಕೈಯನ್ನು ಮರಳು ಚೀಲದ ಮೇಲೆ ಊರಿಸಿ ಹೊಡೆಸಿದೆ. ಕೈ ಅಲ್ಲಾಡಲಿಲ್ಲ, ಗುಂಡು ಮಾತ್ರ ಮನಸ್ಸು ಬಂದ ಕಡೆ ಹೋಯಿತು. ಬೇರೆ ಪೆಟ್ಟಿಗೆಯ ಗುಂಡು ತರಿಸಿದೆವು, ಅವೂ ಹಾಗೆಯೇ. ಕೊನೆಗೆ ಗಾಳಿಯ ಮೇಲೆ ಅನುಮಾನಪಟ್ಟೆ.

"ಗಾಳಿ ನನ್ನ ಪಂಚೆ ಅಲ್ಲಾಡಿಸ್ತಿಲ್ಲ, ಸೀಸ ಅಲ್ಲಾಡಿಸ್ತೈತೇನಲೇ? ನಿನಗೆ ಮೇಷ್ಟ್ರ ಕೆಲಸ ಕೊಟ್ಟೋರು ಯಾರಪ್ಪ?" ಎಂದರು ಚಿಕ್ಕಪ್ಪ.

ಮಾತು ನಾಟಿತು. ರಿವಾಲ್ವರಿನ ಸುತ್ತುವ ಗಾಲಿಯಲ್ಲಿ ಗುಂಡು ತುಂಬುವ ಆರು ಗೂಡುಗಳಿರುತ್ತವೆ. ಅವಕ್ಕೆ ಸೀಮೆಸುಣ್ಣದಲ್ಲಿ ಅಂಕಿ ಬರೆದು, ಯಾವ ಗೂಡಿನ ಗುಂಡು ಎಲ್ಲಿ ಬಿತ್ತೆಂದು ನೋಡುತ್ತಾ ಹೋದೆ. ತಪ್ಪುತ್ತಿದ್ದವು ಯಾವಾಗಲೂ ಅದೇ ಎರಡು ಗೂಡು. ಗುಂಡೆಲ್ಲ ತೆಗೆಸಿ ಬಿಸಿಲಿಗೆ ಹಿಡಿದು ನೋಡಿದರೆ, ಗಾಲಿ ತಿರುಗಿ ಬಂದು ಕಚ್ಚಿಕೊಂಡು ನಿಲ್ಲಬೇಕಾದ, ಆ ಎರಡು ಗೂಡಿನ ಸಣ್ಣ ಗುಳಿಗಳಲ್ಲಿ ಏನೋ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಹಾಗಾಗಿ ಆ ಗೂಡುಗಳು ನಳಿಗೆಯ ನೇರಕ್ಕೆ ಬರುತ್ತಲೇ ಇರಲಿಲ್ಲ. ಗುಂಡುಸೂಜಿಯಿಂದ ಕೆರೆದು ಮೂಸಿದೆ. ವಿಭೂತಿ.

ಚಿಕ್ಕಮ್ಮ ದಿನಾ ಪೂಜೆ ಮುಗಿಸಿ, ಒದ್ದೆ ವಿಭೂತಿಯ ಮೂರು ಬೆರಳನ್ನು ದೇವರ ಮನೆಯಲ್ಲಿ ಸದಾ ಒಂದೇ ಮಗ್ಗುಲಾಗಿ ಇಟ್ಟಿರುತ್ತಿದ್ದ ಖಾಲಿ ರಿವಾಲ್ವರಿಗೂ ಎಳೆಯುತ್ತಿದ್ದರು. ಅದನ್ನು ನಾವಿಬ್ಬರೂ ಕಂಡವರೇ. ಆದರೆ ಆ ಮನೆಯಲ್ಲಿ ತಿಜೋರಿಗೆ, ತಕ್ಕಡಿಗೆ, ಬಾವಿಯ ರಾಟೆಗೆ, ಹೋದಾಗಲೆಲ್ಲ ನನ್ನ ಸೈಕಲ್ಲಿಗೂ ವಿಭೂತಿ ಬೀಳುತ್ತಿತ್ತು. ಅನುಮಾನ ಪಡಲು ಅದು ಯಾರ ಕಣ್ಣಿಗೆ ಬೀಳಬೇಕು? ಚಿಕ್ಕಪ್ಪ ಹೊರಗಿನ ಪಟ್ಟೆಯನ್ನು ಪಂಚೆಯ ಚುಂಗಿನಿಂದ ಒರೆಸಿಕೊಂಡು ಹೊರಡುತ್ತಿದ್ದರು, ಒಳಗೆ ಇಳಿದದ್ದು ಒಳಗೇ ಉಳಿಯುತ್ತಿತ್ತು.

ಮನೆಗೆ ಬಂದು ಚಿಕ್ಕಮ್ಮನಿಗೆ ಗಾಲಿ, ಗೂಡು, ನಳಿಗೆ ಎಂದು ಪಾಠ ಮಾಡಿದೆ. ಪೂರಾ ಕೇಳಿ, "ಹಂಗಾರೆ ಇನ್ಮ್ಯಾಲೆ ಹಚ್ಚಲ್ಲ ಬಿಡಪ್ಪ" ಎಂದು ಒಳಗೆ ಹೋದರು.

ಆ ವರ್ಷ ಬಹುಮಾನ ಚಿಕ್ಕಪ್ಪನದೇ. ಆರೂ ಗುಂಡು ಅಂಗೈಯಗಲದೊಳಗೆ ಬಿದ್ದಿದ್ದವು. ಮಂಡಿಯವರು ಹಾಕಿದ ಹಾರದೊಂದಿಗೇ ಮನೆಗೆ ಬಂದು, "ನೋಡೇ, ಇದು ಈಗ ಯಾರಿಗೆ ಗುರಿ ಇಟ್ರೂ ತಪ್ಪಲ್ಲ" ಎಂದರು.

ಚಿಕ್ಕಮ್ಮ ಹಾರವನ್ನು ತೆಗೆದು ಮೊಳೆಗೆ ಹಾಕಿದರು. "ತಪ್ಪಲಿ ಅಂತಾನೇ ಅಲ್ವೇನ್ರಿ ನಾನು ದಿನಾ ಹಚ್ತಿದ್ದುದು? ನಿಮ್ಮ ಕೈಯಾಗೆ ಒಂದು ಜೀವ ಹೋಗದು ಬ್ಯಾಡ ಶಿವನೇ, ಕಳ್ಳಂದಾದ್ರೂ ಜೀವಾನೇ ಅಂತ ಬೇಡ್ಕಂತಿದ್ದೆ."

ಶಿವ ಆಕೆಯ ಮಾತನ್ನು ಚಾಚೂ ತಪ್ಪದೆ ನಡೆಸಿಕೊಡುತ್ತಿದ್ದ. ನಾವು ಗುಂಡುಸೂಜಿ ಹಿಡಿದು ನಡುವೆ ಹೋಗಿದ್ದೆವು.

ಮಾರನೆಯ ಬೆಳಿಗ್ಗೆ ಚಿಕ್ಕಪ್ಪ ತಾವೇ ರಿವಾಲ್ವರನ್ನು ತಂದು ಆಕೆಯ ಮುಂದೆ ಇಟ್ಟರು. "ಹಚ್ಚೇ. ಪಂದ್ಯ ಹಾಳಾಗ್ಲಿ."

"ಬ್ಯಾಡ್ರಿ. ಇಷ್ಟು ದಿನ ಶಿವ ಕಾಯ್ತಾನೆ ಅಂತ ಹಚ್ತಿದ್ದೆ. ಈಗ ಹಚ್ಚಿದ್ರೆ ನಾನೇ ಕೆಡಿಸ್ದಂಗೆ ಆಗ್ತೈತೆ. ಅದರಾಗೆ ಅವಂದೇನೈತೆ?"

ರಿವಾಲ್ವರ್ ವಿಭೂತಿಯಿಲ್ಲದೆಯೇ ಚಿಕ್ಕಪ್ಪನ ಸೊಂಟಕ್ಕೆ ಮರಳಿತು. ಚಿಕ್ಕಪ್ಪ ಆಮೇಲೂ ಗೆದ್ದರು, ನನ್ನನ್ನು ಊರಲ್ಲಿ ಹೊಗಳಿದರು. ಆದರೆ ಅದುವರೆಗೆ ಗಂಡ ಎಷ್ಟೇ ತಡಮಾಡಿದರೂ ನಿಶ್ಚಿಂತೆಯಿಂದ ಅಡಿಗೆ ಮಾಡಿಕೊಂಡಿರುತ್ತಿದ್ದ ಚಿಕ್ಕಮ್ಮ, ಮಂಡಿಯ ದಿನ ಬಸ್ ಸ್ಟ್ಯಾಂಡಿಗೆ ಬಂದು ನಿಲ್ಲಲು ಶುರುಮಾಡಿದರು. ಚಿಕ್ಕಪ್ಪನ ಜೊತೆ ಬಸ್ಸಿಳಿಯುವಾಗ ನಾನೇ ಎಷ್ಟೋ ಸಲ ನೋಡಿದ್ದೇನೆ, ಆಕೆಯ ಕಣ್ಣು ಮೊದಲು ಹೋಗುತ್ತಿದ್ದುದು ಅವರ ಸೊಂಟದ ರಿವಾಲ್ವರಿಗೆ, ಆಮೇಲೆ ಮುಖಕ್ಕೆ.