ಪೆನ್‌ಡ್ರೈವ್ ಕಿತ್ತ ಶನಿವಾರ

ಸುರಪುರದ ಕಡೆಯ ಒಂದು ಸಣ್ಣ ಕಾಲುವೆ ಆಫೀಸಿನಲ್ಲಿ ನಾನು ದಿನಗೂಲಿ ಟೈಪಿಸ್ಟ್ ಆಗಿದ್ದೆ. ಯಾವ ಹಳ್ಳಿಯ ಹೊಲಕ್ಕೆ ಯಾವ ದಿನ ನೀರು ಎಂಬ ಪಾಳಿ ಪಟ್ಟಿ ಹೊಡೆಯುವುದು ನನ್ನ ಕೆಲಸ. ಇದ್ದದ್ದು ಒಂದೇ ಕಂಪ್ಯೂಟರ್. ಅದು ಒಂದು ಬುಧವಾರ ಏಳಲೇ ಇಲ್ಲ. ಸಾಹೇಬರು ನನ್ನನ್ನು ಕರೆದು, "ಶನಿವಾರದೊಳಗ ಚಾಲೂ ಆಗ್ಲಿಲ್ಲಂದ್ರ ಪಟ್ಟಿ ಶಹಾಪುರದಾಗ ಮಾಡಸ್ತೀವಿ. ಸೋಮವಾರದಿಂದ ನೀ ಬರೂದು ಬ್ಯಾಡ" ಎಂದರು. ಕೆಟ್ಟದ್ದು ಯಂತ್ರ, ಹೋಗುವುದು ನನ್ನ ಕೆಲಸ. ಇದು ಯಾವ ನ್ಯಾಯವೋ ನನಗೆ ಇವತ್ತಿಗೂ ತಿಳಿದಿಲ್ಲ.

ಸುರಪುರದ ರಿಪೇರಿ ಅಂಗಡಿಯವರು, ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕಬೇಕು ಎಂದು ಪೆನ್‌ಡ್ರೈವ್ ಕೊಟ್ಟು, ಮುಂದಿನ ವಾರ ಬಂದು ಹಾಕುತ್ತೇವೆ ಎಂದರು. ಮುಂದಿನ ವಾರ ಬಂದು ಯಾರನ್ನು ಉದ್ಧಾರ ಮಾಡುತ್ತಾರೆ? ಶನಿವಾರ ಬೆಳಿಗ್ಗೆ ನಾನೇ ಶುರು ಮಾಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ನೀಲಿ ಪರದೆ ಬಂದು ಎರರ್ ತೋರಿಸಿತು. ಕಂಪ್ಯೂಟರಿನ ಡಬ್ಬಿಯ ಸ್ಕ್ರೂ ಬಿಚ್ಚಲು ಕೂತೆ.

"ಏ, ಮುಟ್ಟಬ್ಯಾಡ!" ಹೆಡ್ ಕ್ಲಾರ್ಕ್ ಕುರ್ಚಿಯಿಂದಲೇ ಕೂಗಿದರು. "ನೀ ಟೈಪ್ ಮಾಡಾಕಿ, ಅಷ್ಟ."

ದೋರನಹಳ್ಳಿಯ ನಮ್ಮ ಓಣಿಗೆ ಮುಟ್ಟಬೇಡ ಎಂಬ ಮಾತು ಹೊಸದಲ್ಲ. ಅಜ್ಜಿ ಅದನ್ನು ಬಾವಿಯ ಹತ್ತಿರ ಕೇಳಿದ್ದಳು, ಅವ್ವ ಹೋಟೆಲಿನಲ್ಲಿ. ಹೆಡ್ ಕ್ಲಾರ್ಕ್ ಆ ಅರ್ಥದಲ್ಲಿ ಅಂದರೋ ಇಲ್ಲವೋ, ನಾನು ವಿಚಾರಿಸಲಿಲ್ಲ. ಮೈಯೆಲ್ಲ ಉರಿಯಿತು.

"ಕೆಟ್ಟಿದ್ದನ್ನ ಇನ್ನೇನು ಕೆಡಸ್ತೀನ್ರಿ?" ಎಂದು ಸ್ಕ್ರೂ ತಿರುಗಿಸಿದೆ.

ಒಳಗೆ ಕಾಲುವೆ ರಸ್ತೆಯ ಧೂಳು ಸಂಸಾರ ಹೂಡಿತ್ತು. ಶಹಾಪುರದ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತಂತೆ ಮೆಮೊರಿ ಕಾರ್ಡು ಹೊರತೆಗೆದು, ಅದರ ಹಳದಿ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ, ಮತ್ತೆ ಕೂರಿಸಿದೆ. ನೀಲಿ ಪರದೆ ಹೋಯಿತು. ಫೈಲುಗಳು ನೂರಕ್ಕೆ ನೂರು ಇಳಿದವು. ಯಂತ್ರ ತಾನೇ ಆರಿ, ತಾನೇ ಎದ್ದು, ಭಾಷೆ ಆರಿಸಿರಿ ಎಂಬ ಮೊದಲ ಪರದೆಗೇ ಬಂದು ನಿಂತಿತು. ಇನ್ನೊಮ್ಮೆ ಮಾಡಿದೆ. ಮತ್ತೆ ಅದೇ. ಮೂರನೇ ಸಲವೂ ಅದೇ.

"ಕೆಡಿಸಿ ಕುಂತ್ಳು ನೋಡ್ರಿ," ಎಂದರು ಹೆಡ್ ಕ್ಲಾರ್ಕ್ ಎಲ್ಲರಿಗೂ ಕೇಳುವಂತೆ. "ಸಾಹೇಬ್ರು ಬರ್ಲಿ, ಹೇಳ್ತೀನಿ."

ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾದೀತು. ಆದರೂ ಕುರ್ಚಿ ಬಿಡಲಿಲ್ಲ. ನಾಲ್ಕನೇ ಸಲ ಯಂತ್ರ ಏಳುವಾಗ ಪೆನ್‌ಡ್ರೈವಿನ ಪುಟ್ಟ ದೀಪ ಮಿನುಗಿದ್ದು ಕಂಡಿತು. ಆಗ ಹೊಳೆಯಿತು, ತಪ್ಪು ನನ್ನದೇ. ಅದೂ ಕಾಲುವೆಯ ಮಂದಿ ಮಾತ್ರ ಮಾಡುವಂಥ ತಪ್ಪು. ನಮ್ಮಲ್ಲಿ ಪಾಳಿ ಬಂದು ತೂಬು ಎತ್ತಿದರೆ, ಹೊಲದ ಕೊನೆಯ ಸಾಲು ತುಂಬುವ ತನಕ ಯಾರೂ ಅದನ್ನು ಇಳಿಸುವಂತಿಲ್ಲ, ಇಳಿಸಿದರೆ ಹೊಡೆದಾಟವೇ. ಅದೇ ರೂಢಿಯಲ್ಲಿ ನಾನು ಕೆಲಸ ಪೂರ್ತಿ ಮುಗಿಯುವ ತನಕ ಪೆನ್‌ಡ್ರೈವ್ ತೆಗೆಯಬಾರದು ಎಂದುಕೊಂಡಿದ್ದೆ. ಫೈಲುಗಳು ಯಾವಾಗಲೋ ಒಳಗಿನ ಡಿಸ್ಕಿಗೆ ಸೇರಿದ್ದವು. ಎದ್ದ ಯಂತ್ರ ಅವುಗಳ ಕಡೆ ಹೋಗದೆ ಪ್ರತಿ ಸಲ ಪೆನ್‌ಡ್ರೈವಿಗೇ ಹೋಗಿ ಮೊದಲಿಂದ ಶುರು ಮಾಡುತ್ತಿತ್ತು.

ಮತ್ತೆ ಫೈಲು ಇಳಿಸಿದೆ. ಪರದೆ ಕಪ್ಪಾದ ಗಳಿಗೆಗೆ ಪೆನ್‌ಡ್ರೈವಿಗೆ ಕೈ ಹಾಕಿದೆ.

"ನಡುವ ಕೀಳಬ್ಯಾಡ!" ಹೆಡ್ ಕ್ಲಾರ್ಕ್ ಎದ್ದು ನಿಂತರು.

ಕಿತ್ತೆ.

ಯಂತ್ರ ಮುಂದಕ್ಕೆ ಹೋಯಿತು. ನನಗೆ ಅಳು ಬಂತು, ಸಿಟ್ಟಿನ ಅಳು, ಅವರೆದುರು ಅಳಲಿಲ್ಲ. ಅಷ್ಟರಲ್ಲಿ ಸಾಹೇಬರು ಬಂದು ನನ್ನ ಹಿಂದೆ ನಿಂತರು. ಈ ಕಂಪ್ಯೂಟರ್ ಬಳಸುವವರ ಹೆಸರೇನು ಎಂದು ಪರದೆ ಕೇಳಿತು.

"ಸಾಹೇಬ್ರ ಹೆಸರು ಹಾಕವಾ," ಎಂದರು ಹೆಡ್ ಕ್ಲಾರ್ಕ್, ಒಮ್ಮೆಲೇ ಮೆತ್ತಗಾಗಿ.

"ಬಳಸಾಕಿ ನಾನಲ್ಲೇನ್ರಿ?"

ನನ್ನ ಹೆಸರು ಹೊಡೆದೆ, ಅದರ ಮುಂದೆ ಅಪ್ಪನದನ್ನೂ. ಪಾಸ್‌ವರ್ಡ್ ಹಾಕುವಾಗ ಕೀಬೋರ್ಡಿಗೆ ಕೈ ಅಡ್ಡ ಹಿಡಿದೆ. ಸಾಹೇಬರು ಎಲ್ಲ ನೋಡಿದರು.

"ಸೋಮವಾರ ಲಗೂನ ಬಾ," ಎಂದರು.