ಬೆಂಚಿನ ಮೇಲೆ ಕೂರಬಾರದು

ನನ್ನ ಗಂಡನ ಅಕ್ಕನನ್ನು ಬೀದಿಯವರೆಲ್ಲ ಟೇಪಕ್ಕ ಅನ್ನುತ್ತಾರೆ. ಅಳತೆಯ ಟೇಪು ಕೊರಳಲ್ಲಿ ಇಲ್ಲದೆ ಅವರನ್ನು ಕಂಡವರಿಲ್ಲ. ಊಟಕ್ಕೆ ಕೂತಾಗಲೂ ಅದು ತಟ್ಟೆಯ ಅಂಚಿಗೆ ಇಳಿಬಿದ್ದಿರುತ್ತದೆ. ನಮ್ಮ ಮನೆಯ ಕೆಳಗೇ ಅವರ ಹೊಲಿಗೆ ಅಂಗಡಿ. ಬಟ್ಟೆ ಕತ್ತರಿಸುವ ದೊಡ್ಡ ಟೇಬಲ್ಲು, ಒಂದು ಮೆಷಿನ್ನು, ಬಾಗಿಲ ಬಳಿ ಮರದ ಬೆಂಚು. ಅತ್ತಿಗೆ ಹೊಲಿಯುವುದೆಲ್ಲ ಶಾಲೆಯ ಯೂನಿಫಾರಂ. ಶಾಲೆ ಬಿಟ್ಟ ಮೇಲೆ, ತಾಯಂದಿರು ಕೆಲಸದಿಂದ ಬರುವ ತನಕ, ಬೀದಿಯ ಮಕ್ಕಳು ಆ ಬೆಂಚಿನ ಮೇಲೆ ಕೂರುತ್ತಿದ್ದವು. ಯಾರೂ ಹೇಳಿ ಮಾಡಿಸಿದ ಏರ್ಪಾಡಲ್ಲ. ಅತ್ತಿಗೆ ತಲೆಗೊಂದು ಪೆಪ್ಪರಮಿಂಟ್ ಕೊಟ್ಟು ಬಾಯಿ ಮುಚ್ಚಿಕೊಂಡು ಕೂರಿ ಅನ್ನುವರು. ಪೆಪ್ಪರಮಿಂಟ್ ಕರಗುವ ತನಕ ಮಾತ್ರ ಆ ಮಾತು ನಡೆಯುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ನಮ್ಮ ಹಾಲಿನಲ್ಲಿ ಹೆಂಗಸರೆಲ್ಲ ಸೇರಿ ಟೀವಿಯಲ್ಲಿ ಒಂದು ಸಾಕ್ಷ್ಯಚಿತ್ರ ನೋಡಿದೆವು. ಕಾಣೆಯಾದ ಮಕ್ಕಳ ಕಥೆ, ಎಲ್ಲ ನಿಜವಾಗಿ ನಡೆದದ್ದಂತೆ. ಟೀ ಆರಿ ತಣ್ಣಗಾಯಿತು. ಎದುರು ಮನೆಯ ನರ್ಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಕೊನೆಗೆ ಸಿಕ್ಕಿಬಿದ್ದವನು ಮಕ್ಕಳಿಗೆ ಮಿಠಾಯಿ ಕೊಟ್ಟು ಅಂಗಡಿಯಲ್ಲಿ ಕೂರಿಸಿಕೊಳ್ಳುತ್ತಿದ್ದ ಒಬ್ಬ ಸಾಧು ಮನುಷ್ಯ. ಮಗು ಬಂದಿಲ್ಲವಲ್ಲ ಎಂದು ತಾಯಿಗೆ ಮೊದಲು ಫೋನ್ ಮಾಡಿದವನೂ ಅವನೇ, ಹುಡುಕುವವರ ಮುಂದೆ ನಡೆದವನೂ ಅವನೇ.

"ನಂಬಿದವ್ರೇ ಕುತ್ತಿಗೆ ಕುಯ್ಯೋದು, ನೋಡಿ," ಅಂದಳು ಬೇಕರಿಯವನ ಹೆಂಡತಿ.

ಆಗ ಯಾರೂ ಅಲ್ಲೇ ಮೂಲೆಯಲ್ಲಿ ಕೂತಿದ್ದ ಅತ್ತಿಗೆಯತ್ತ ನೋಡಲಿಲ್ಲ. ಅಷ್ಟು ಜನರಲ್ಲಿ ಒಬ್ಬರೂ ನೋಡಲಿಲ್ಲವಲ್ಲ, ಅದಕ್ಕೇ ನನಗೆ ದಿಗಿಲಾಯಿತು.

ಮಾರನೆಯ ದಿನ ಬೆಂಚು ಖಾಲಿ. ಒಬ್ಬಳ ಮಗನಿಗೆ ಕಂಪ್ಯೂಟರ್ ಕ್ಲಾಸಂತೆ, ಇನ್ನೊಬ್ಬಳ ಮನೆಗೆ ಅಜ್ಜಿ ಬಂದಿದ್ದಾರಂತೆ. ಒಂದೇ ದಿನಕ್ಕೆ ಎಲ್ಲರ ಮನೆಗೂ ಅನುಕೂಲ ಒದಗಿಬಂದಿತ್ತು! ನನಗೆ ಮೈಯೆಲ್ಲ ಉರಿಯಿತು. ಅತ್ತಿಗೆ ಮಾತ್ರ ಪೆಪ್ಪರಮಿಂಟ್ ಡಬ್ಬಿಯನ್ನು ದಾರದ ಉಂಡೆಗಳ ಹಿಂದಕ್ಕೆ ಸರಿಸಿದರು.

ನರ್ಸಮ್ಮನ ಮಗಳು ಎರಡನೇ ಕ್ಲಾಸು. ಬೀದಿಯಲ್ಲಿ ಅವಳ ಹೆಸರು ಲಾಯರಮ್ಮ. ಇನ್ನೊಂದು ತುತ್ತು ತಿನ್ನು ಅಂದರೆ ಎಣಿಸಿ ಒಂದೇ ತುತ್ತು ತಿಂದು ಏಳುವ ಹುಡುಗಿ. ಈಗ ಅವಳ ಕೊರಳಿಗೆ ಮನೆಯ ಕೀಲಿಕೈ ಬಿದ್ದಿತ್ತು. ನೇರ ಮನೆಗೆ ಹೋಗಿ ಒಳಗಿಂದ ಚಿಲಕ ಹಾಕಿಕೊಂಡು ಕೂರಬೇಕೆಂದು ತಾಯಿಯ ಅಪ್ಪಣೆ.

ಎರಡು ದಿನ ಹಾಗೇ ನಡೆಯಿತು. ಮೂರನೆಯ ದಿನ ಸಂಜೆ ಅತ್ತಿಗೆ ಏದುಸಿರು ಬಿಡುತ್ತ ನಮ್ಮ ಮೆಟ್ಟಿಲು ಹತ್ತಿ ಬಂದರು.

"ಲಾಯರಮ್ಮ ಬಂದಿದ್ದು ಕಾಣಲೇ ಇಲ್ಲ ಕಣೇ."

"ಬಂದಿರ್ತಾಳೆ ಅತ್ತಿಗೆ. ನೀವು ನೋಡಿರಲ್ಲ."

"ನೋಡದೆ ಇರ್ತೀನಾ? ಬೀದಿ ನೋಡಿ ನೋಡಿ ಕತ್ತೇ ಹಿಡ್ಕೊಂಡಿದೆ. ಎದುರು ಮನೆ ಬೀಗ ಹಾಗೇ ಇದೆ."

ಕಿಟಕಿಯಿಂದ ಇಣುಕಿದೆ. ಬೀಗ ಹಾಗೇ ಇತ್ತು.

"ಅವಳಮ್ಮನಿಗೆ ಫೋನ್ ಮಾಡಿ ಮತ್ತೆ!"

ಅತ್ತಿಗೆ ಫೋನ್ ತೆಗೆದು, ಹಾಗೇ ಹಿಡಿದು ನಿಂತರು. "ಅವತ್ತು ಟೀವಿಲಿ ಮೊದಲು ಫೋನ್ ಮಾಡಿದ್ದು ಯಾರು?" ಎಂದು ಕೇಳಿದರು.

ಕೊಡಿ, ನಾನೇ ಮಾಡುತ್ತೇನೆ ಅಂದೆ. ಅವರು ಕೊಡಲಿಲ್ಲ. "ನೋಡಿದ್ದು ನಾನು. ಏನಾದ್ರೂ ಅಂದ್ಕೊಳ್ಳಲಿ, ಮಗು ಸಿಕ್ಕಿದ್ರೆ ಸಾಕು," ಎಂದು ತಾವೇ ಒತ್ತಿದರು. ಮಗು ಬಂದಿಲ್ಲವೆಂದು ಕೇಳಿದ ನರ್ಸಮ್ಮನ ಬಾಯಿಂದ ಬಂದ ಮೊದಲ ಮಾತು ನನಗೂ ಕೇಳಿಸಿತು.

"ನಿಮಗೆ ಹೇಗೆ ಗೊತ್ತು?"

ಬೀದಿಗೆ ಬೀದಿಯೇ ಹುಡುಕಲು ಹೊರಟಿತು. ಮಕ್ಕಳೆಲ್ಲ ಹೋಗಿ ತುಂಬ ಹೊತ್ತಾಯಿತು ಅಂದ ಶಾಲೆಯ ಕಾವಲುಗಾರ. ಬೇಕರಿ, ಆಟದ ಮೈದಾನ, ಬಸ್ ನಿಲ್ದಾಣ, ಎಲ್ಲೂ ಇಲ್ಲ. ನಾನು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಅತ್ತಿಗೆ ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದರು. ಮುಂದೆ ನಡೆಯಲು ಅವರಿಗೆ ಧೈರ್ಯವಿರಲಿಲ್ಲ. ಅಂಗಡಿಯ ಬಾಗಿಲು ಹಾರುಹೊಡೆದು ಬಂದಿದ್ದು ನೆನಪಾಗಿ, ಎಳೆದು ಬರೋಣವೆಂದು ಇಬ್ಬರೂ ಹಿಂತಿರುಗಿದೆವು.

ಟೇಬಲ್ಲಿನ ಕೆಳಗೆ ಏನೋ ಮಿಸುಕಿತು. ಇಳಿಬಿಟ್ಟ ಬಟ್ಟೆ ಎತ್ತಿದರೆ, ಚೂರುಬಟ್ಟೆಯ ಮೂಟೆಯ ಮೇಲೆ ಲಾಯರಮ್ಮ ಬ್ಯಾಗನ್ನು ತಬ್ಬಿಕೊಂಡು ಮಲಗಿದ್ದಾಳೆ! ಬೆಳಕಿಗೆ ಕಣ್ಣುಜ್ಜಿಕೊಂಡು ಎದ್ದು ಕೂತಳು. ಹಿತ್ತಲ ಬಾಗಿಲಿಂದ ನುಸುಳಿ ಬಂದಿದ್ದಾಳೆ. ಅತ್ತಿಗೆ ಬೀದಿಯ ಕಡೆಗೇ ಕಣ್ಣು ನೆಟ್ಟು ಕೂತಿದ್ದರಲ್ಲ, ತಿಳಿದಿಲ್ಲ.

ನನಗೆ ಹೋದ ಜೀವ ಬಂದಂತಾಯಿತು. ಅತ್ತಿಗೆಯ ಮುಖ ಮಾತ್ರ ಬಿಳಿಚಿಕೊಂಡಿತು.

"ನನ್ನ ಅಂಗಡೀಲೇ ಸಿಕ್ಕಿಬಿಟ್ಳಲ್ಲೇ," ಅಂದರು.

ಆಗಲೇ ನನಗೂ ಹೊಳೆದದ್ದು. "ಮೇಲೆ ಕರ್ಕೊಂಡು ಹೋಗ್ತೀನಿ. ಮೆಟ್ಟಿಲ ಮೇಲೆ ಕೂತಿದ್ಳು ಅನ್ನೋಣ," ಎಂದು ಪಿಸುಗುಟ್ಟಿದೆ.

"ಮಗು ಮುಂದೇನೇ ಸುಳ್ಳು ಹೆಣೀತೀಯಾ? ಸುಮ್ನಿರು."

ಮಗುವನ್ನು ಅವರು ಎತ್ತಿಕೊಳ್ಳಲಿಲ್ಲ, ಮುಟ್ಟಲೂ ಇಲ್ಲ. "ಅಲ್ಲೇ ಇರು ಪುಟ್ಟಾ, ಅಮ್ಮ ಬರ್ತಾಳೆ," ಎಂದು ಹೊಸಿಲಿಗೆ ಹೋಗಿ, ಎಂದೂ ಕೇಳದ ದನಿಯಲ್ಲಿ ಕೂಗಿದರು. "ಸಿಕ್ಕಿದ್ಳು! ನನ್ನ ಟೇಬಲ್ ಕೆಳಗಿದಾಳೆ!"

ಆಸ್ಪತ್ರೆಯಿಂದ ಡ್ಯೂಟಿ ಬಟ್ಟೆಯಲ್ಲೇ ಓಡಿಬಂದಿದ್ದ ನರ್ಸಮ್ಮ ಮಗಳನ್ನು ಎಳೆದುಕೊಂಡಳು. ಕೈ ನೋಡಿದಳು, ಕುತ್ತಿಗೆ ನೋಡಿದಳು, ಕಾಲರು ಸರಿಸಿ ನೋಡಿದಳು. ಅತ್ತಿಗೆಯೇ ಹೊಲಿದ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಎಲ್ಲರೂ ಬಾಗಿಲಲ್ಲಿ ನಿಂತಿದ್ದರು. ಅತ್ತಿಗೆ ಗೋಡೆ ನೋಡುತ್ತಿದ್ದರು. ಅವಳು ತಾಯಿ, ನೋಡದೆ ಇರಲಾರಳು, ನನಗೂ ಗೊತ್ತು. ಆದರೂ ಅವಳ ಕೈ ಹಿಡಿದು ನಿಲ್ಲಿಸಬೇಕು ಅನ್ನಿಸಿತು.

"ಯಾರು ಕರೆದ್ರು ನಿನ್ನ ಇಲ್ಲಿಗೆ?"

"ಯಾರೂ ಕರೀಲಿಲ್ಲ. ಮನೇಲಿ ಒಬ್ಳೇ ಇದ್ರೆ ಭಯ ಆಗತ್ತೆ."

"ಅಂಗಡಿಗೆ ಹೋಗ್ಬೇಡ ಅಂದಿರಲಿಲ್ವಾ ನಾನು?"

"ಇಲ್ಲ. ಬೆಂಚಿನ ಮೇಲೆ ಕೂರ್ಬೇಡ ಅಂದೆ. ನಾನು ಕೂತಿಲ್ಲ."

ಬೇಕರಿಯವನ ಹೆಂಡತಿಗೆ ನಗು ಬಂದು ಅರ್ಧಕ್ಕೇ ನಿಂತಿತು. ನರ್ಸಮ್ಮ ಆ ಬೆಂಚಿನ ಮೇಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಲಾಯರಮ್ಮ ಬೆಂಚಿನ ಹತ್ತಿರ ಬಂದಳು.

"ಅಮ್ಮಾ, ನೀನು ಕೂತಿದೀಯಲ್ಲ. ಈಗ ನಾನೂ ಕೂರ್ಬಹುದಾ?"

ನರ್ಸಮ್ಮ ಜರುಗಿ ಜಾಗ ಬಿಟ್ಟಳು. ಅತ್ತಿಗೆ ದಾರದ ಉಂಡೆಗಳ ಹಿಂದಿನಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ತಾಯಿಯ ಮುಂದೆ ಹಿಡಿದರು.

"ನೀವೇ ಕೊಡಿ," ಅಂದರು.

ಮಕ್ಕಳು ಮತ್ತೆ ಬರುತ್ತಿವೆ. ತಾಯಂದಿರು ಈಗ ಟೇಪಕ್ಕನನ್ನು ಹೊಗಳಿದ್ದೇ ಹೊಗಳಿದ್ದು. ಡಬ್ಬಿ ಬೆಂಚಿನ ತುದಿಯಲ್ಲಿ ತೆರೆದೇ ಇರುತ್ತದೆ. ಬೇಕಾದವರು ತೆಗೆದುಕೊಳ್ಳುತ್ತಾರೆ. ಅತ್ತಿಗೆ ತಮ್ಮ ಕೈಯಾರೆ ಯಾವ ಮಗುವಿಗೂ ಕೊಡುವುದಿಲ್ಲ.