ಆಡು ಎಂದರೆ ಆಡು

ಕಬ್ಬು ಅರೆಯುವ ಕಾಲ ಬಂತೆಂದರೆ ನಮ್ಮ ಬೀದಿಯ ಕೇಬಲ್ ವೈರಿಗೆ ಕುತ್ತು ಬಂತೆಂದೇ ಲೆಕ್ಕ. ಕೃಷ್ಣರಾಜಪೇಟೆಯಲ್ಲಿ ನಾವಿರುವ ಬಡಾವಣೆಯಲ್ಲಿ ಅದು ಕಂಬದಿಂದ ತೆಂಗಿನ ಮರಕ್ಕೆ, ಮರದಿಂದ ನಮ್ಮ ತಾರಸಿಗೆ ಜೋತುಬಿದ್ದುಕೊಂಡು ಬರುತ್ತದೆ. ಕಾರ್ಖಾನೆಗೆ ಹೊರಟ ಟ್ರಾಕ್ಟರು ಮನೆಯೆತ್ತರ ಕಬ್ಬು ಹೇರಿಕೊಂಡು ಬಂದು ಅದನ್ನು ಎಳೆದುಕೊಂಡೇ ಹೋಗುತ್ತದೆ. ಕೇಬಲ್ಲಿನವನು ಮನಸ್ಸು ಬಂದಾಗ ಬಂದು ಗಂಟು ಹಾಕಿ, ಕಪ್ಪು ಟೇಪು ಸುತ್ತಿ, ಇನ್ನು ಆನೆ ಜಗ್ಗಿದರೂ ಹರಿಯುವುದಿಲ್ಲ ಎಂದು ಹೇಳಿ ಹೋಗುತ್ತಾನೆ. ಆನೆ ಬರುವುದಿಲ್ಲ, ಟ್ರಾಕ್ಟರು ಬರುತ್ತದೆ. ಈ ಸಲ ಹರಿದಾಗ ನಾನೇ ವೈರನ್ನು ಸುತ್ತಿ ಗೇಟಿಗೆ ಸಿಕ್ಕಿಸಿ, ಗಂಟು ಹಾಕುವುದು ಬೇಡ, ತೆಗೆದುಕೊಂಡು ಹೋಗಿ ಎಂದು ಅವನಿಗೆ ಫೋನು ಮಾಡಿದೆ.

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನನ್ನ ಗಂಡ ಪೇಪರಿನ ಹಿಂದಿನಿಂದಲೇ ಹೇಳಿದರು. ನಿಜ, ನಾನು ಒಂದು ಕಡೆ ಕೂತವಳಲ್ಲ. ನನ್ನ ಅವ್ವನ ಪ್ರಕಾರ ನಾನು ಹುಟ್ಟಿದ್ದೇ ಎದ್ದು ಹೊರಟುಕೊಂಡು. ಆದರೆ ಈ ಸಲದ ಆತುರಕ್ಕೆ ಕಾರಣ ಅವ್ವನೇ ಆಗಿದ್ದಳು.

ತೊಣ್ಣೂರಿನ ಕಡೆಯ ನಮ್ಮೂರಿನಲ್ಲಿ ಕಣ್ಣು ಮಂಜಾಗುವವರೆಗೂ ಆಡು ಮೇಯಿಸಿಕೊಂಡಿದ್ದವಳು ಅವ್ವ. ಕಣ್ಣಿನ ನರಕ್ಕೇ ಪೆಟ್ಟಾಗಿದೆ, ಕನ್ನಡಕದಿಂದಲೂ ಆಪರೇಷನ್ನಿನಿಂದಲೂ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನಾನು ಕರೆದುಕೊಂಡು ಬಂದೆ. ಬೆಳಕು, ನೆರಳು, ಅಲ್ಲಾಡುವ ಆಕಾರ, ಅವಳಿಗೆ ಕಾಣುವುದು ಅಷ್ಟೆ. ನನ್ನ ಗಂಡ ಹಾಲಿನ ಡೇರಿಗೆ, ನಾನು ಸಿಂಧಘಟ್ಟದ ಕಡೆಯ ಶಾಲೆಗೆ ಹೊರಟರೆ ಹಗಲೆಲ್ಲ ಅವಳ ಜೊತೆಗಿರುವುದು ಟಿವಿಯ ಹಳೆಯ ಹಾಡುಗಳು. ಕೇಬಲ್ ರಿಮೋಟಿನ ಐದರ ಗುಂಡಿಯ ಮೇಲೆ ಒಂದು ಚಿಕ್ಕ ಉಬ್ಬು ಇತ್ತು. ಹೆಬ್ಬೆರಳಿನಿಂದ ಅದನ್ನು ತಡವಿ ಮೂರು ಸಲ ಒತ್ತಿದರೆ ಹಾಡಿನ ಚಾನೆಲ್ಲು. ವೈರು ಹರಿದ ದಿನಗಳಲ್ಲಿ ಅವಳು ಐದನ್ನು ಒತ್ತಿ ಒತ್ತಿ, ಟಿವಿ ಸತ್ತಿತೋ ತನ್ನ ಕಿವಿಯೂ ಹೋಯಿತೋ ಎಂದು ತಿಳಿಯದೆ ಕೂತಿರುತ್ತಿದ್ದಳು. ಈ ಸಲವೂ ಹಾಗೆ ಕೂತಿದ್ದುದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಮರುದಿನದಿಂದ ಅಂಗಡಿ ಅಲೆದೆ. ಪೇಟೆಯ ಅಂಗಡಿಯಲ್ಲಿ ಕಂಡದ್ದು ಸಾಲದೆಂದು ಪಾಂಡವಪುರದಲ್ಲಿ ನೋಡಿದೆ, ನಾಗಮಂಗಲಕ್ಕೆ ಮದುವೆಗೆ ಹೋದವಳು ಊಟದ ಎರಡನೇ ಪಂಕ್ತಿ ಏಳುವುದರೊಳಗೆ ಹೊರಬಿದ್ದು ಅಲ್ಲೂ ನೋಡಿದೆ. ಒಬ್ಬ ತಾರಸಿಗೆ ಡಿಶ್ಶಿನ ತಟ್ಟೆ ಕೂರಿಸುತ್ತೇನೆಂದ. ಅದರ ಡಬ್ಬಿಗೆ ಪೆನ್‌ಡ್ರೈವ್ ಚುಚ್ಚಿದರೆ ಬೇಕಾದ್ದನ್ನು ತುಂಬಿಸಿಟ್ಟುಕೊಳ್ಳಬಹುದಂತೆ. ನನ್ನ ಗಂಡ ಅದನ್ನೇ ಹಿಡಿದರು. ಬೆಳಗ್ಗೆ ಬರುವ ಹಾಡುಗಳನ್ನು ತುಂಬಿಸಿಟ್ಟರೆ ಅತ್ತೆಗೆ ಹಗಲೆಲ್ಲ ಆಯಿತು ಎಂದರು. ಹೊಸದು ಬಂದಿರುವಾಗ ನಿನ್ನೆಯ ತಂಗಳನ್ನು ಯಾಕೆ ತುಂಬಿಸಿಡಬೇಕು ಎಂದು ನಾನು ವಾದ ಮಾಡಿದೆ.

ಆ ಹೊಸದನ್ನು ಶ್ರೀರಂಗಪಟ್ಟಣದ ಅಂಗಡಿಯವನು ತೋರಿಸಿದ್ದ. ಮನೆಗೆ ಇಂಟರ್‌ನೆಟ್ ಹಾಕಿಸಿ, ಟಿವಿಯ ಬೆನ್ನಿಗೆ ಬೆರಳುದ್ದದ ಒಂದು ಸಾಮಾನು ಸಿಕ್ಕಿಸಿದರೆ ಮುಗಿಯಿತು. ರಿಮೋಟಿನ ಒಂದೇ ಗುಂಡಿ ಒತ್ತಿಕೊಂಡು ಬಾಯಲ್ಲಿ ಹೇಳಿದರೆ ಬೇಕಾದ್ದು ಬರುತ್ತದೆ. ಅಲ್ಲಿಯವರೆಗೆ ನನ್ನ ಹತ್ತಿರ ಅಂಗೆ ಇಂಗೆ ಎಂದೇ ಮಾತಾಡುತ್ತಿದ್ದವನು ರಿಮೋಟು ಹಿಡಿದೊಡನೆ ನೆಟ್ಟಗೆ ನಿಂತ, ಕೆಮ್ಮಿದ, ತಹಶೀಲ್ದಾರರ ಮುಂದೆ ಅರ್ಜಿ ಓದುವವನ ಹಾಗೆ "ಹಳೆಯ ಹಾಡುಗಳು" ಎಂದ. ಹಾಡು ಬಂತು. ಕಣ್ಣಿಲ್ಲದವಳಿಗೆ ಬಾಯಿದ್ದರೆ ಸಾಕಲ್ಲ ಎಂದು ನಾನು ಹಿಗ್ಗಿದೆ. ಅವನು ಯಾಕೆ ಕೆಮ್ಮಿದ ಎಂದು ಆಗ ಯೋಚಿಸಲಿಲ್ಲ.

ಮನೆಯಲ್ಲಿ ಎಲ್ಲ ಜೋಡಿಸಿ, ಮಾತಿನ ಗುಂಡಿಯ ಮೇಲೆ ನನ್ನದೊಂದು ಟಿಕ್ಲಿ ಅಂಟಿಸಿ, ಅವ್ವನ ಹೆಬ್ಬೆರಳನ್ನು ಅದರ ಮೇಲಿಟ್ಟು ಹೇಳವ್ವ ಎಂದೆ. ಅವಳು ದೇವರಿಗೆ ಕೈ ಮುಗಿದಷ್ಟು ಶ್ರದ್ಧೆಯಿಂದ "ಆಡು" ಎಂದಳು.

ಆಡು ಬಂದವು. ಕಪ್ಪು ಆಡು, ಕಂದು ಆಡು, ಬೇಲಿ ಹತ್ತಿದ ಆಡು, ಆಡು ಸಾಕಣೆಯಲ್ಲಿ ಲಾಭ ಪಡೆಯುವ ಬಗೆ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ, ನನ್ನ ಟಿವಿಯನ್ನೂ ಮುಟ್ಟಿದ್ದವು. ನನ್ನ ಗಂಡ ಪೇಪರು ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವ್ವನೂ ನಕ್ಕಳು. ನಾನು ನಗಲಿಲ್ಲ.

ನಾನು ಕನ್ನಡ ಮೇಷ್ಟ್ರು. ನಮ್ಮ ಕಡೆಯ ನಾಲಿಗೆಯಲ್ಲಿ ಹಕಾರ ಕೂರಿಸುವುದೇ ನನ್ನ ಉದ್ಯೋಗ, ಮೊದಲು ಕೂರಿಸಿದ್ದು ನನ್ನದೇ ನಾಲಿಗೆಯಲ್ಲಿ. ಮಕ್ಕಳಿಗೆ ಹೇಳಿಕೊಡುವಂತೆಯೇ ಅವ್ವನಿಗೂ ಹೇಳಿಕೊಟ್ಟೆ. ಅಂಗೈಯನ್ನು ಬಾಯ ಮುಂದೆ ಹಿಡಿ, ಉಸಿರು ತಾಗಬೇಕು, ಹಾ, ಹಾಡು. ಅವ್ವ ಒಲೆ ಊದುವ ಹಾಗೆ ಅಂಗೈಗೆ ಊದುತ್ತಿದ್ದಳು, ಆಮೇಲೆ ಆಡು ಎನ್ನುತ್ತಿದ್ದಳು. ಉಸಿರು ಬೇರೆ, ಮಾತು ಬೇರೆ. ಬೆಳಗ್ಗೆ ಬಸ್ಸಿಗೆ ಹೊರಡುವ ಮುಂಚೆ ಒಂದು ಪಾಠ, ಸಂಜೆ ಚಪ್ಪಲಿ ಬಿಡುವ ಮೊದಲೇ ಇನ್ನೊಂದು. ಹಗಲು ಅವಳು ಹಾಡಿಲ್ಲದೆ ಕೂತಿರುತ್ತಾಳೆ ಎಂಬ ಸಂಕಟ ನನ್ನನ್ನು ಕುಕ್ಕುತ್ತಿತ್ತು, ಆ ಸಂಕಟವೆಲ್ಲ ಬಾಯಿಂದ ಸಿಟ್ಟಾಗಿ ಬರುತ್ತಿತ್ತು. ಒಂದಕ್ಷರ ಕಣವ್ವ, ಒಂದೇ ಒಂದಕ್ಷರ, ಮನಸ್ಸಿಟ್ಟರೆ ಬರುತ್ತದೆ ಎಂದು ಒಂದು ಸಂಜೆ ಕೂಗಿಯೇ ಬಿಟ್ಟೆ.

ಅವ್ವ ಅಂಗೈಯನ್ನು ಬಾಯ ಮುಂದಿನಿಂದ ಇಳಿಸಿ ಸೀರೆಗೆ ಒರೆಸಿಕೊಂಡಳು.

"ನಿಂಗೆ ನಾನು ಕುಡ್ಸಿದ್ದು ಆಲು ಕಣವ್ವ," ಎಂದಳು. "ಆಗ ಬ್ಯಾಡ ಅನ್ನಲಿಲ್ವಲ್ಲ ನೀನು."

ಅಲ್ಲಿಗೆ ಪಾಠ ನಿಂತಿತು. ಅವಳು ಮುನಿಸಿಕೊಳ್ಳಲಿಲ್ಲ, ಊಟ ಬಿಡಲಿಲ್ಲ. ರಿಮೋಟನ್ನು ಮಾತ್ರ ಮುಟ್ಟುವುದು ಬಿಟ್ಟಳು. ಸಂಜೆ ಬಂದು ಟಿವಿಯ ಬೆನ್ನು ಮುಟ್ಟಿ ನೋಡಿದರೆ ತಣ್ಣಗಿರುತ್ತಿತ್ತು. ಬೆಳಗ್ಗೆ ನಾನೇ ಹಾಡು ಹಾಕಿಟ್ಟು ಹೋದರೆ, ಸ್ವಲ್ಪ ಹೊತ್ತಿಗೆಲ್ಲ ಆ ಯಂತ್ರ ಇನ್ನೂ ನೋಡುತ್ತಿದ್ದೀರಾ ಎಂದು ತೆರೆಯ ಮೇಲೆ ಬರೆದು ಕೇಳಿ, ಉತ್ತರ ಸಿಗದೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ನೋಡಲಾಗದವಳಿಗೆ ಕೇಳುವ ಪ್ರಶ್ನೆಯೇ ಅದು? ಶಾಲೆಯಲ್ಲಿ ಪಾಠದ ನಡುವೆ ನನಗೆ ನಮ್ಮ ಮನೆಯ ಸದ್ದಿಲ್ಲದ ಕೋಣೆಯೇ ಕಿವಿಯಲ್ಲಿ ತುಂಬಿಕೊಳ್ಳುತ್ತಿತ್ತು. ಕುರ್ಚಿಯಲ್ಲಿ ಕೂತರೆ ಏಳಬೇಕು, ಎದ್ದರೆ ಕಿಟಕಿಗೆ ಹೋಗಬೇಕು. ಮೇಡಂಗೆ ಏನಾಗಿದೆ ಎಂದು ಮಕ್ಕಳು ಪಿಸುಗುಟ್ಟಿದರು. ತಟ್ಟೆಯವನಿಗೆ ಫೋನು ಮಾಡಿ, ತಂಗಳಾದರೂ ಸರಿ, ತುಂಬಿಸಿಡುವ ಆ ಡಬ್ಬಿಯನ್ನೇ ತನ್ನಿ ಎಂದೆ. ಕಬ್ಬಿನ ಕಟಾವು ಮುಗಿಯಲಿ, ಆಳು ಸಿಗುತ್ತಿಲ್ಲ ಎಂದ.

ಅದರ ಮರುದಿನ ಶಾಲೆಗೆ ಅರ್ಧ ದಿನ. ಬಸ್ಸಿಳಿದು ನಮ್ಮ ಬೀದಿಗೆ ತಿರುಗಿದರೆ ಆಡು ಅರಚುವ ಸದ್ದು. ಯಾರದೋ ಆಡು ಒಳಗೆ ನುಗ್ಗಿ ದಾಸವಾಳ ಮುಗಿಸುತ್ತಿವೆ ಎಂದು ಓಡಿದೆ. ಅಂಗಳದಲ್ಲಿ ಏನೂ ಇರಲಿಲ್ಲ. ಸದ್ದು ಒಳಗಿನಿಂದ ಬರುತ್ತಿತ್ತು.

ಅವ್ವ ಟಿವಿಯ ಹತ್ತಿರಕ್ಕೆ ಮಣೆ ಎಳೆದುಕೊಂಡು ಕೂತಿದ್ದಳು. ರಿಮೋಟು ಕೈಯಲ್ಲಿತ್ತು, ಹೆಬ್ಬೆರಳು ಟಿಕ್ಲಿಯ ಮೇಲಿತ್ತು. ತೆರೆಯ ತುಂಬ ಆಡು. ನಾನು ಬಾಗಿಲಲ್ಲೇ ನಿಂತು, ಹಾಡು ಬಿಟ್ಟು ಇದನ್ನು ಯಾಕೆ ಹಾಕಿಕೊಂಡೆ ಎಂದು ಕೇಳಿದೆ.

"ಕೇಳ್ದೆ, ಕೊಡ್ತು," ಎಂದಳು ಅವ್ವ. "ಇದು ಬಯ್ಯಾಕಿಲ್ಲ."

ಚೀಲ ಕೆಳಗಿಟ್ಟೆ. ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ, ಏಳಲಿಲ್ಲ. ಟಿವಿಯಲ್ಲಿ ಅರಚಾಟ ನಿಂತು, ಮೆಲ್ಲಗೆ ಚಪ್ಪರಿಸುವ ಸದ್ದು ಶುರುವಾಯಿತು. ಅವ್ವ ಕತ್ತು ಮುಂದೆ ಚಾಚಿ ಕಣ್ಣು ಕಿರಿದು ಮಾಡಿದಳು. ಅವಳಿಗೆ ಕಾಣಲಿಲ್ಲ.

"ಏನ್ ಮಾಡ್ತಾ ಅದೆ ಮಗ?"

"ಮರಿ ಆಲು ಕುಡೀತಾ ಅದೆ ಕಣವ್ವ," ಎಂದೆ.

ಅವ್ವ ರಿಮೋಟನ್ನು ಮಡಿಲಲ್ಲಿ ಇಟ್ಟುಕೊಂಡಳು. "ಕುಡೀಲಿ ಬುಡು," ಎಂದಳು.